ಮೂಗಿನ ಬುಡದ ಬಾವು: ಹಲ್ಲಿನದೆಂದು ತೀರ್ಮಾನಿಸುವ ಮುನ್ನ

ತಾಲ್ಲೂಕು ಆಸ್ಪತ್ರೆಗಳ ವೈದ್ಯರು ಮತ್ತು ದಂತವೈದ್ಯರು ಸೇರಿದ್ದ ಸಭೆಯಲ್ಲಿ ನಾನು ಮಾಡಿದ ಉಪನ್ಯಾಸವನ್ನು, ಅಂದು ಬರಲಾಗದಿದ್ದವರಿಗೂ ಈ ವಿಷಯದಲ್ಲಿ ಆಸಕ್ತಿಯುಳ್ಳ ಇತರರಿಗೂ ಅನುಕೂಲವಾಗಲೆಂದು ಇಲ್ಲಿ ಬರಹಕ್ಕೆ ಇಳಿಸಿದ್ದೇನೆ.

ನಾನು ಕಿವಿ, ಮೂಗು, ಗಂಟಲು ವೈದ್ಯನಾಗಿ ಕೆಲಸಕ್ಕೆ ಸೇರಿದ ಎರಡನೆಯ ವರ್ಷದಲ್ಲಿ 42 ವರ್ಷದ ಒಬ್ಬ ಗೃಹಿಣಿ ನನ್ನಲ್ಲಿಗೆ ಬಂದರು. ಅವರು ಮೊದಲು ಹೋದದ್ದು ವೈದ್ಯರ ಬಳಿಗಲ್ಲ, ಅಕ್ಕಸಾಲಿಗರ ಬಳಿಗೆ. "ಮೂಗುತಿ ಸೊಟ್ಟಗೆ ಕೂತ್ಕೋತಿದೆ, ತಿರುಪು ಸರಿಮಾಡಿಕೊಡಿ ಅಂತ ಕೇಳ್ದೆ ಡಾಕ್ಟ್ರೇ. ತಿರುಪು ಸರಿಯಾಗೇ ಇದೆಯಮ್ಮ, ಮೂಗೇ ಮೇಲೆದ್ದಿದೆ ಅಂದ್ರು" ಎಂದರು. ಆ ಅಕ್ಕಸಾಲಿಗರು ಕಂಡದ್ದು ನಿಜವಾಗಿತ್ತು. ಎಡ ಹೊಳ್ಳೆಯ ಬುಡ ಮೆಲ್ಲಗೆ ಉಬ್ಬಿ, ಹೊಳ್ಳೆಯನ್ನು ಮೇಲಕ್ಕೆತ್ತಿತ್ತು. ಮೂಗಿನ ಪಕ್ಕದಿಂದ ಬಾಯಿಯ ಮೂಲೆಗೆ ಇಳಿಯುವ ಗೆರೆ ಬಲಗಡೆ ಸ್ಪಷ್ಟವಾಗಿದ್ದು, ಎಡಗಡೆ ಮಾಸಿಹೋಗಿತ್ತು. ನೋವಿರಲಿಲ್ಲ, ಜ್ವರವಿರಲಿಲ್ಲ. ತುಟಿ ಎತ್ತಿ ನೋಡಿದಾಗ ಬಾಚಿಹಲ್ಲುಗಳ ಮೇಲಿನ ಮಡಿಕೆ ತುಂಬಿಕೊಂಡಂತೆ ಕಂಡಿತು. ಅಷ್ಟನ್ನು ನೋಡಿ ನಾನು ಅದನ್ನು ಹಲ್ಲಿನ ಬೇರಿನಿಂದ ಬಂದ ಬಾವು ಎಂದು ತೀರ್ಮಾನಿಸಿ, ಒಂದು ವಾರಕ್ಕೆ ಆಂಟಿಬಯಾಟಿಕ್ ಬರೆದು, ದಂತವೈದ್ಯರಿಗೆ ಚೀಟಿ ಕೊಟ್ಟು ಕಳುಹಿಸಿದೆ. ಅವರು ನನ್ನ ಚೀಟಿಯನ್ನು ನಂಬಿ ಬಾಚಿಹಲ್ಲೊಂದಕ್ಕೆ ರೂಟ್ ಕೆನಾಲ್ ಮಾಡಿದರು. ನಾಲ್ಕು ತಿಂಗಳ ನಂತರ ಆ ತಾಯಿ ಮರಳಿ ಬಂದಾಗ ಬಾವು ಹಾಗೆಯೇ ಇತ್ತು, ಹುಳುಕಿಲ್ಲದ ಹಲ್ಲೊಂದು ಮಾತ್ರ ತನ್ನ ತಿರುಳನ್ನು ಕಳೆದುಕೊಂಡಿತ್ತು. ಆ ಹಲ್ಲಿಗೆ ನಾನೇ ಹೊಣೆ. ಅಂದು ನಾನು ಮಾಡದೆ ಬಿಟ್ಟ ಪರೀಕ್ಷೆಗೆ ಎರಡು ಬೆರಳು ಮತ್ತು ಎರಡು ನಿಮಿಷ ಸಾಕಾಗಿತ್ತು. ಇಂದಿನ ಮಾತೆಲ್ಲ ಆ ಎರಡು ನಿಮಿಷದ ಕುರಿತಾದದ್ದು.

ಆ ತಾಯಿಗೆ ಇದ್ದದ್ದು ನೇಸೋಲೇಬಿಯಲ್ ಸಿಸ್ಟ್. ಸಿಸ್ಟ್ ಎಂದರೆ ಒಳಗೋಡೆಗೆ ತನ್ನದೇ ಆದ ಪದರವಿರುವ, ದ್ರವ ತುಂಬಿಕೊಂಡ ಚೀಲ. ಈ ಚೀಲ ಹೊಳ್ಳೆಯ ಬುಡಕ್ಕೂ ಮೇಲ್ದುಟಿಗೂ ನಡುವೆ, ಎಲುಬಿನ ಒಳಗಲ್ಲ, ಎಲುಬಿನ ಮೇಲಿನ ಮೆದು ಅಂಗಾಂಶದಲ್ಲಿ ಬೆಳೆಯುತ್ತದೆ. ಇದು ಅಪರೂಪದ್ದು, ದವಡೆ ಮತ್ತು ಮುಖದ ಸಿಸ್ಟ್‌ಗಳಲ್ಲಿ ನೂರಕ್ಕೆ ಒಂದಕ್ಕಿಂತಲೂ ಕಡಿಮೆ. ಗಂಡಸರಿಗಿಂತ ಹೆಂಗಸರಲ್ಲಿ ಮೂರು ನಾಲ್ಕು ಪಟ್ಟು ಹೆಚ್ಚು, ಅದರಲ್ಲೂ 30ರಿಂದ 50 ವರ್ಷದೊಳಗಿನವರಲ್ಲಿ ಹೆಚ್ಚು. ಸುಮಾರು ಹತ್ತರಲ್ಲಿ ಒಬ್ಬರಿಗೆ ಎರಡೂ ಬದಿಯಲ್ಲಿ ಇರುತ್ತದೆ. ಆದ್ದರಿಂದ ಒಂದು ಬದಿ ಉಬ್ಬಿರುವುದು ಕಂಡಾಗ ಇನ್ನೊಂದು ಬದಿಯನ್ನೂ ಮುಟ್ಟಿ ನೋಡದೆ ಬಿಡಬಾರದು. ಅಪರೂಪದ್ದಾದರೆ ಇಷ್ಟು ಹೊತ್ತು ಏಕೆ ಮಾತು ಎಂದು ಕೇಳಬಹುದು. ಇದನ್ನು ಗುರುತಿಸಲು ಕಲಿತವರು, ಅದೇ ಜಾಗದಲ್ಲಿ ಬರುವ ಉಳಿದೆಲ್ಲ ಬಾವುಗಳನ್ನು, ಅವುಗಳಲ್ಲಿ ನಿಜಕ್ಕೂ ಅಪಾಯಕಾರಿಯಾದವುಗಳನ್ನು ಕೂಡ, ಬೇರ್ಪಡಿಸಿ ನೋಡಲು ಕಲಿತಿರುತ್ತಾರೆ ಎಂಬುದೇ ನನ್ನ ಉತ್ತರ.

ಇದನ್ನು ಮೊದಲು ವಿವರಿಸಿದವರು ಆಸ್ಟ್ರಿಯಾದ ಅಂಗರಚನಾ ತಜ್ಞ ಎಮಿಲ್ ಝುಕರ್‌ಕಾಂಡ್ಲ್, 1882ರಲ್ಲಿ. ಇದು ಎಲ್ಲಿಂದ ಹುಟ್ಟುತ್ತದೆ ಎಂಬ ಚರ್ಚೆ ಆಮೇಲೆ ಬಹುಕಾಲ ನಡೆಯಿತು. ಭ್ರೂಣದ ಮುಖ ರೂಪುಗೊಳ್ಳುವಾಗ ಬೇರೆಬೇರೆ ಉಬ್ಬುಗಳು ಬೆಸೆದುಕೊಳ್ಳುವ ಗೆರೆಯಲ್ಲಿ ಸಿಕ್ಕಿಹಾಕಿಕೊಂಡ ಜೀವಕೋಶಗಳಿಂದ ಎಂದು ಕ್ಲೆಸ್ಟಾಟ್ ವಾದಿಸಿದರು. ಅದರಿಂದಲೇ ಹಳೆಯ ಪುಸ್ತಕಗಳಲ್ಲಿ ಇದಕ್ಕೆ ಕ್ಲೆಸ್ಟಾಟ್ ಸಿಸ್ಟ್ ಎಂಬ ಹೆಸರಿದೆ. ಕಣ್ಣೀರನ್ನು ಮೂಗಿಗೆ ಇಳಿಸುವ ನಾಳ ರೂಪುಗೊಳ್ಳುವಾಗ ಅದರ ಕೆಳತುದಿಯಲ್ಲಿ ಉಳಿದುಹೋದ ಜೀವಕೋಶಗಳಿಂದ ಎಂದು 1920ರಲ್ಲಿ ಬ್ರೂಗೆಮಾನ್ ಹೇಳಿದರು. ನನಗೆ ಎರಡನೆಯದೇ ಹೆಚ್ಚು ಒಪ್ಪಿಗೆಯಾಗುತ್ತದೆ, ಏಕೆಂದರೆ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಈ ಚೀಲದ ಒಳಪದರದಲ್ಲಿ ಸಾಮಾನ್ಯವಾಗಿ ಕಾಣುವುದು ಕಂಬದಾಕಾರದ ಜೀವಕೋಶಗಳು ಮತ್ತು ಅವುಗಳ ನಡುವೆ ಲೋಳೆ ಸುರಿಸುವ ಗಾಬ್ಲೆಟ್ ಕೋಶಗಳು. ಕಣ್ಣೀರಿನ ನಾಳದ ಪದರವೂ ಅದೇ ಬಗೆಯದು. ಹುಟ್ಟಿಗೆ ಮುಂಚಿನ ಈ ಬೀಜ ನಲವತ್ತರ ಹೊತ್ತಿಗೆ ಏಕೆ ಊದಿಕೊಳ್ಳುತ್ತದೆ ಎಂದರೆ, ಲೋಳೆ ಸುರಿಯುವುದು ಬಹಳ ನಿಧಾನ, ಹೊರಹೋಗಲು ದಾರಿಯಿಲ್ಲ. ವರ್ಷಗಟ್ಟಲೆ ಸೇರಿದ ಮೇಲೆಯೇ ಅದು ಕಣ್ಣಿಗೆ ಬೀಳುವಷ್ಟು ದೊಡ್ಡದಾಗುತ್ತದೆ.

ಈಗ ಬೆರಳಿನ ವಿಷಯಕ್ಕೆ ಬರೋಣ. ರೋಗಿಯನ್ನು ತಲೆಗೆ ಆಧಾರವಿರುವ ಕುರ್ಚಿಯಲ್ಲಿ ಕೂರಿಸಿ, ಏನು ಮಾಡಲಿದ್ದೇವೆ ಎಂಬುದನ್ನು ಮೊದಲೇ ತಿಳಿಸಬೇಕು, ಏಕೆಂದರೆ ಮೂಗಿನೊಳಗೆ ಬೆರಳು ಹೋಗುವುದು ಯಾರಿಗೂ ಹಿತವಾದುದಲ್ಲ. ಕೈಗವಸು ತೊಟ್ಟು, ಒಂದು ಕೈಯ ತೋರುಬೆರಳನ್ನು ಮೇಲ್ದುಟಿಯ ಒಳಗಡೆ, ಒಸಡು ತುಟಿಗೆ ತಿರುಗುವ ಮಡಿಕೆಯಲ್ಲಿ ಇಡಬೇಕು. ಇನ್ನೊಂದು ಕೈಯ ಕಿರುಬೆರಳಿಗೆ ಸ್ವಲ್ಪ ಲಿಗ್ನೋಕೇಯ್ನ್ ಎಂಬ ಮರಗಟ್ಟಿಸುವ ಜೆಲ್ಲಿ ಸವರಿ, ಹೊಳ್ಳೆಯೊಳಗೆ ಮುಂಭಾಗದ ನೆಲದ ಮೇಲೆ ಇಡಬೇಕು. ಬಳಿಕ ಕೆಳಗಿನ ಬೆರಳಿನಿಂದ ಮೆಲ್ಲಗೆ ಒತ್ತಿದಾಗ ಮೇಲಿನ ಬೆರಳು ಎತ್ತಿಕೊಂಡರೆ, ಮೇಲಿನಿಂದ ಒತ್ತಿದಾಗ ಕೆಳಗಿನ ಬೆರಳು ತಳ್ಳಿಸಿಕೊಂಡರೆ, ಎರಡು ಬೆರಳುಗಳ ನಡುವೆ ನೀರು ತುಂಬಿದ ಒಂದು ಚೀಲ ಅತ್ತಿತ್ತ ಸರಿಯುತ್ತಿದೆ ಎಂದು ಅರ್ಥ. ಮೂಗಿನ ನೆಲ, ತುಟಿಯ ಮಡಿಕೆ, ಹೊಳ್ಳೆಯ ಬುಡ, ಈ ಮೂರೂ ಕಡೆ ಒಂದೇ ಚೀಲ ಕೈಗೆ ಸಿಗುವುದು ನೇಸೋಲೇಬಿಯಲ್ ಸಿಸ್ಟ್‌ನ ಲಕ್ಷಣ. ಮೂಗಿನೊಳಗೆ ದೀಪ ಹಿಡಿದು ನೋಡಿದರೆ ಮುಂಭಾಗದ ನೆಲವೇ ಗುಮ್ಮಟದಂತೆ ಎದ್ದಿರುತ್ತದೆ. "ಆ ಕಡೆ ಉಸಿರು ಕಟ್ಟುತ್ತೆ" ಎಂದು ಕೆಲವರು ಹೇಳುವುದು ಇದರಿಂದಲೇ. ಮೇಲಿನ ಹಲ್ಲಿನ ಸೆಟ್ ಹಾಕಿಕೊಂಡವರು ಸೆಟ್ ಸರಿಯಾಗಿ ಕೂರುತ್ತಿಲ್ಲ ಎಂದು ಬರುವುದೂ ಉಂಟು. ಬೆರಳಿನ ಜೊತೆಗೆ ಮೇಲಿನ ಚರ್ಮವನ್ನು ಚಿವುಟಿ ಎತ್ತಿ ನೋಡಬೇಕು. ಚರ್ಮ ಬಾವಿನಿಂದ ಸಲೀಸಾಗಿ ಬೇರ್ಪಟ್ಟು ಎದ್ದರೆ ಗಂಟು ಚರ್ಮದಲ್ಲಿಲ್ಲ. ಚರ್ಮಕ್ಕೇ ಅಂಟಿಕೊಂಡಿದ್ದು, ಮೇಲೆ ಕಪ್ಪು ಚುಕ್ಕೆಯಂತಹ ಸಣ್ಣ ರಂಧ್ರ ಕಂಡರೆ ಅದು ಚರ್ಮದ್ದೇ ಎಪಿಡರ್ಮಾಯ್ಡ್ ಸಿಸ್ಟ್. ಮೂಗು ಚುಚ್ಚಿಸಿಕೊಂಡ ಜಾಗದಲ್ಲಿ ಬರುವ ಗಂಟುಗಳೂ ಚರ್ಮದವೇ ಆಗಿದ್ದು, ಚುಚ್ಚಿದ ರಂಧ್ರದ ಸುತ್ತಲೇ ಇರುತ್ತವೆ, ಹೊಳ್ಳೆಯ ಬುಡದ ಆಳದಲ್ಲಿ ಅಲ್ಲ.

ನಾನು ಎಡವಿದ್ದು ಹಲ್ಲಿನ ವಿಷಯದಲ್ಲಿ. ಆದ್ದರಿಂದ ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹಲ್ಲಿನಿಂದ ಬಂದ ಬಾವೇ ಈ ಜಾಗದಲ್ಲಿ ಅತ್ಯಂತ ಸಾಮಾನ್ಯ ಎಂಬುದು ಸತ್ಯ, ಹಾಗಾಗಿ ಮೊದಲು ಹಲ್ಲನ್ನೇ ಶಂಕಿಸುವುದು ತಪ್ಪಲ್ಲ. ಶಂಕೆಯನ್ನು ಪರೀಕ್ಷಿಸದೆ ಚಿಕಿತ್ಸೆಗೆ ಇಳಿಯುವುದು ತಪ್ಪು. ಮೇಲಿನ ಕೋರೆಹಲ್ಲಿನ ಬೇರು ಉದ್ದವಾದದ್ದು. ಅದರ ತುದಿಯ ಕೀವು ಬಾಯಿಯ ಮೂಲೆಯನ್ನು ಮೇಲೆತ್ತುವ ಸ್ನಾಯು ಅಂಟಿಕೊಂಡಿರುವ ಜಾಗಕ್ಕಿಂತ ಕೆಳಗೆ ಎಲುಬನ್ನು ಒಡೆದರೆ ಬಾಯಿಯೊಳಗಿನ ಮಡಿಕೆಯಲ್ಲಿ ಉಬ್ಬುತ್ತದೆ. ಅದಕ್ಕಿಂತ ಮೇಲೆ ಒಡೆದರೆ ಕೆನ್ನೆಯ ಮುಂಭಾಗಕ್ಕೆ ನುಗ್ಗಿ, ಮೂಗಿನ ಪಕ್ಕದ ಗೆರೆಯನ್ನು ಅಳಿಸಿಹಾಕಿ, ಕಣ್ಣಿನ ಕೆಳಗಿನವರೆಗೂ ಊತ ತರುತ್ತದೆ. ಆದರೆ ಅಂತಹ ಬಾವು ಎರಡು ಮೂರು ದಿನಗಳಲ್ಲಿ ಏರುತ್ತದೆ, ಬಿಸಿಯಾಗಿರುತ್ತದೆ, ಮುಟ್ಟಿದರೆ ರೋಗಿ ಮುಖ ಹಿಂದಕ್ಕೆಳೆದುಕೊಳ್ಳುತ್ತಾರೆ, ಹಲ್ಲನ್ನು ಕನ್ನಡಿಯ ಹಿಡಿಯಿಂದ ಮೆಲ್ಲಗೆ ತಟ್ಟಿದರೆ ನೋವು ಎನ್ನುತ್ತಾರೆ. ಬೇರಿನ ತುದಿಯಲ್ಲಿ ನಿಧಾನವಾಗಿ ಬೆಳೆಯುವ ಸಿಸ್ಟ್ ಮಾತ್ರ ನೋವಿಲ್ಲದೆ ಇರಬಲ್ಲದು. ಮೋಸ ಹೋಗುವುದು ಹೆಚ್ಚಾಗಿ ಅಲ್ಲಿಯೇ. ಅಂತಹ ಸಿಸ್ಟ್ ಬರಬೇಕಾದರೆ ಹಲ್ಲಿನ ತಿರುಳು ಸತ್ತಿರಲೇಬೇಕು. ಹತ್ತಿಯ ಉಂಡೆಗೆ ತಂಪಿನ ಸ್ಪ್ರೇ ಹೊಡೆದು, ಅದಿಲ್ಲದಿದ್ದರೆ ಮಂಜುಗಡ್ಡೆಯ ಚೂರನ್ನು, ಬಾಚಿಹಲ್ಲುಗಳಿಗೂ ಕೋರೆಹಲ್ಲಿಗೂ ಒಂದೊಂದಾಗಿ ಮುಟ್ಟಿಸಿ, ಇನ್ನೊಂದು ಬದಿಯ ಅದೇ ಹಲ್ಲಿನೊಂದಿಗೆ ಹೋಲಿಸಬೇಕು. ತಂಪು ತಟ್ಟಿದ ತಕ್ಷಣ ಎಲ್ಲ ಹಲ್ಲುಗಳೂ "ಜುಂ" ಎಂದರೆ, ಆ ಹಲ್ಲುಗಳು ಜೀವಂತವಾಗಿವೆ. ಬಾವಿಗೆ ಅವು ಕಾರಣವಲ್ಲ, ಅವುಗಳಿಗೆ ಡ್ರಿಲ್ ಮುಟ್ಟಿಸಬಾರದು. ಈ ಒಂದು ಪರೀಕ್ಷೆಯ ಫಲಿತಾಂಶವನ್ನು ಬರೆಯದೆ ಯಾರೂ ಯಾರಿಗೂ ರೂಟ್ ಕೆನಾಲ್‌ಗೆ ಚೀಟಿ ಕೊಡಬಾರದು ಎಂದು ಅಂದಿನಿಂದ ನಾನು ನನ್ನ ಕಿರಿಯರಿಗೆ ಹೇಳುತ್ತಾ ಬಂದಿದ್ದೇನೆ. ಒಂದು ಎಚ್ಚರಿಕೆಯನ್ನೂ ಸೇರಿಸಬೇಕು: ಹಿಂದೆಂದೋ ಪೆಟ್ಟು ಬಿದ್ದು ಸತ್ತ ಹಲ್ಲು ನೇಸೋಲೇಬಿಯಲ್ ಸಿಸ್ಟ್ ಇರುವವರ ಬಾಯಲ್ಲೂ ಕಾಕತಾಳೀಯವಾಗಿ ಇರಬಹುದು. ಆಗ ಎಕ್ಸ್‌ರೇಯಲ್ಲಿ ಬೇರಿನ ತುದಿಯಲ್ಲಿ ಎಲುಬು ಕರಗಿದೆಯೇ ಎಂದು ನೋಡಿಯೇ ನಿರ್ಧರಿಸಬೇಕು.

ಎಕ್ಸ್‌ರೇ ಇಲ್ಲಿ ಒಂದು ವಿಶೇಷ ರೀತಿಯಲ್ಲಿ ಸಹಾಯಕ. ನೇಸೋಲೇಬಿಯಲ್ ಸಿಸ್ಟ್ ಎಲುಬಿನ ಹೊರಗಿರುವುದರಿಂದ ಸಾಮಾನ್ಯ ಎಕ್ಸ್‌ರೇ ಬಹಳ ಸಲ ಏನೂ ಇಲ್ಲವೆನ್ನುತ್ತದೆ. ಬಾವು ಎದ್ದು ಕಾಣುತ್ತಿದ್ದರೂ ಎಲುಬು ಸ್ವಚ್ಛವಾಗಿರುವುದೇ ಒಂದು ಸುಳಿವು. ಮಧ್ಯರೇಖೆಯಲ್ಲಿ, ಎರಡು ನಡು ಬಾಚಿಹಲ್ಲುಗಳ ಹಿಂದೆ, ಹೃದಯದಾಕಾರದ ಕಪ್ಪು ನೆರಳು ಕಂಡರೆ ಅದು ಬೇರೆಯದೇ, ಅಂಗುಳಿನ ನಾಳದ ಸಿಸ್ಟ್. ಸಿಟಿ ಸ್ಕ್ಯಾನಿನಲ್ಲಿ ನಮ್ಮ ಸಿಸ್ಟ್, ಮೇಲ್ದವಡೆಯ ಎಲುಬಿನಲ್ಲಿ ಮೂಗಿಗಾಗಿ ಇರುವ ತೆರಪಿನ ಪಕ್ಕದಲ್ಲಿ, ನುಣುಪಾದ ಅಂಚಿನ, ಒಳಗೆಲ್ಲ ಒಂದೇ ಸಮನಾದ ದುಂಡು ಚೀಲವಾಗಿ ಕಾಣುತ್ತದೆ. ಬಣ್ಣದ ಔಷಧಿ ಕೊಟ್ಟರೂ ಒಳಭಾಗ ಬೆಳಗುವುದಿಲ್ಲ. ಬಹುಕಾಲ ಒತ್ತಿಕೊಂಡಿದ್ದರೆ ಅದರ ಕೆಳಗಿನ ಎಲುಬು ಬೋಗುಣಿಯಂತೆ ತಗ್ಗಾಗಿರುತ್ತದೆ. ಒತ್ತಡದಿಂದ ನಯವಾಗಿ ತಗ್ಗಾದ ಎಲುಬಿಗೂ, ಅಂಚು ಹರಿದು ಕೊರೆದು ತಿಂದಂತಿರುವ ಎಲುಬಿಗೂ ಇರುವ ವ್ಯತ್ಯಾಸವನ್ನು ಕಣ್ಣಿಟ್ಟು ನೋಡಬೇಕು. ಎರಡನೆಯದು ಮೇಲ್ದವಡೆಯೊಳಗಿನ ಗಾಳಿಗೂಡಾದ ಸೈನಸ್‌ನಿಂದ ಹೊರಬರುತ್ತಿರುವ ಕ್ಯಾನ್ಸರ್ ಇರಬಹುದು. ದಂತ ಚಿಕಿತ್ಸಾಲಯಗಳಲ್ಲಿ ಈಗ ಸುಲಭವಾಗಿ ಸಿಗುವ ಕೋನ್ ಬೀಮ್ ಸಿಟಿ ಎಲುಬನ್ನು ಚೆನ್ನಾಗಿ ತೋರಿಸುತ್ತದೆ, ಮೆದು ಅಂಗಾಂಶವನ್ನು ಅಷ್ಟು ಚೆನ್ನಾಗಿ ತೋರಿಸುವುದಿಲ್ಲ.

ಇದೇ ಜಾಗದ ಇನ್ನಿತರ ಬಾವುಗಳಲ್ಲಿ ಕೆಲವನ್ನು ಬೇಗ ಹೇಳಿ ಮುಗಿಸುತ್ತೇನೆ. ಬಾವು ಕಣ್ಣಿನ ಒಳಮೂಲೆಯ ಕೆಳಗಿದ್ದು, ಕಣ್ಣಿನಿಂದ ನೀರು ಸುರಿಯುತ್ತಿದ್ದು, ಒತ್ತಿದಾಗ ರೆಪ್ಪೆಯ ಅಂಚಿನ ರಂಧ್ರದಿಂದ ಕೀವು ಅಥವಾ ಲೋಳೆ ಹೊರಬಂದರೆ ಅದು ಕಣ್ಣೀರಿನ ಚೀಲದ ತೊಂದರೆ. ಹೊಳ್ಳೆಯ ಬುಡಕ್ಕೂ ಅದಕ್ಕೂ ಸಂಬಂಧವಿಲ್ಲ. ತುಟಿಯ ಗಂಟಿನ ಬಗ್ಗೆ ಒಂದು ಮಾತು: ಕೆಳದುಟಿಯಲ್ಲಿ ನೀಲಿ ಛಾಯೆಯ ಗುಳ್ಳೆ ಬಂದರೆ ಅದು ಬಹುತೇಕ ಜೊಲ್ಲಿನ ಲೋಳೆ ಕಟ್ಟಿಕೊಂಡ ಗುಳ್ಳೆ. ಮೇಲ್ದುಟಿಯಲ್ಲಿ ಹಾಗಲ್ಲ; ಅಲ್ಲಿ ಗಟ್ಟಿಯಾದ, ಗೋಲಿಯಂತೆ ಜಾರುವ ಗಂಟು ಸಿಕ್ಕರೆ ಸಣ್ಣ ಜೊಲ್ಲುಗ್ರಂಥಿಯ ಗೆಡ್ಡೆ ಎಂದು ಶಂಕಿಸಿ ತೆಗೆದು ಪರೀಕ್ಷೆಗೆ ಕಳುಹಿಸಬೇಕು.

ಮೂಗಿನೊಳಗಿನ ಕೂದಲ ಬುಡದ ಕುರು ಮಾತ್ರ ಬೇಗ ಮುಗಿಸುವ ವಿಷಯವಲ್ಲ. ಕೆಂಪಾಗಿ, ನೋವಿನಿಂದ ಸಿಡಿಯುವ ಆ ಕುರುವನ್ನು ಹಿಸುಕುವ ಅಭ್ಯಾಸ ನಮ್ಮ ಮನೆಗಳಲ್ಲಿ ಇದೆ. ಮೂಗಿನ ಮೇಲ್ತುದಿಯಿಂದ ಬಾಯಿಯ ಎರಡು ಮೂಲೆಗಳವರೆಗಿನ ತ್ರಿಕೋನದ ರಕ್ತ, ಮುಖದ ಅಭಿಧಮನಿಯ ಮೂಲಕ ಕಣ್ಣಿನ ಗೂಡಿನ ಅಭಿಧಮನಿಗಳಿಗೂ ಅಲ್ಲಿಂದ ಮೆದುಳಿನ ಬುಡದಲ್ಲಿ ರಕ್ತ ಸೇರುವ ಕುಹರವಾದ ಕ್ಯಾವರ್ನಸ್ ಸೈನಸ್‌ಗೂ ದಾರಿ ಹೊಂದಿದೆ. ಸೋಂಕು ಆ ದಾರಿ ಹಿಡಿದರೆ ಜ್ವರ, ತಲೆನೋವು, ರೆಪ್ಪೆಯ ಊತ, ಕಣ್ಣು ಮುಂದೆ ತಳ್ಳಿಕೊಳ್ಳುವುದು, ಒಂದು ವಸ್ತು ಎರಡಾಗಿ ಕಾಣುವುದು ಆರಂಭವಾಗುತ್ತದೆ. ಈ ಲಕ್ಷಣಗಳಲ್ಲಿ ಯಾವುದೊಂದು ಕಂಡರೂ ಅಂದೇ ದೊಡ್ಡ ಆಸ್ಪತ್ರೆಗೆ ಕಳುಹಿಸಬೇಕು, ಮಾತ್ರೆ ಕೊಟ್ಟು ನಾಳೆ ಬನ್ನಿ ಎನ್ನಬಾರದು. ಸೋಂಕು ತಗುಲಿದ ನೇಸೋಲೇಬಿಯಲ್ ಸಿಸ್ಟ್ ಕೂಡ ಇಂತಹ ಕುರುವಿನಂತೆಯೇ ಕಾಣಬಲ್ಲದು. ಆಗ ಹಳೆಯ ಫೋಟೊ ನೆರವಿಗೆ ಬರುತ್ತದೆ. ಮೂರು ವರ್ಷದ ಹಿಂದಿನ ಮದುವೆಯ ಫೋಟೊದಲ್ಲೂ ಅದೇ ಹೊಳ್ಳೆ ಸ್ವಲ್ಪ ಎದ್ದಿದ್ದರೆ, ನೋವು ಹೊಸದು, ಗಂಟು ಹಳೆಯದು ಎಂದು ತಿಳಿಯುತ್ತದೆ.

ಸೂಜಿಯ ವಿಷಯದಲ್ಲಿ ನನ್ನ ಅಭಿಪ್ರಾಯ ಕಟ್ಟುನಿಟ್ಟಾದದ್ದು. ಬೆರಳು, ಹಲ್ಲು ಮತ್ತು ಚಿತ್ರ ಈ ಮೂರೂ ಮುಗಿದ ನಂತರ, ರೋಗನಿರ್ಣಯಕ್ಕಾಗಿ ಒಮ್ಮೆ ದ್ರವ ಎಳೆದು ನೋಡುವುದರಲ್ಲಿ ತಪ್ಪಿಲ್ಲ. ಹುಲ್ಲಿನ ಬಣ್ಣದ ತೆಳುವಾದ ಅಥವಾ ಲೋಳೆಯಂತಹ ದ್ರವ ಬಂದರೆ ಅದು ನಮ್ಮ ಅನುಮಾನಕ್ಕೆ ಒಪ್ಪುತ್ತದೆ. ಹಿಂದೆ ಒಳಗೆ ರಕ್ತ ಒಸರಿದ್ದರೆ ಕಂದು ಬಣ್ಣವಿರಬಹುದು. ಗಟ್ಟಿ ಮೊಸರಿನಂತಹ ಬಿಳಿ ವಸ್ತು ಬಂದರೆ ಕೆರಟಿನ್ (ಚರ್ಮದ ಹೊರಪದರದ ಪ್ರೋಟೀನ್) ತುಂಬಿದ ಸಿಸ್ಟ್ ಬಗ್ಗೆ ಯೋಚಿಸಬೇಕು. ಕೆಂಪು ರಕ್ತ ತಾನಾಗಿಯೇ ಸಿರಿಂಜಿಗೆ ಏರಿದರೆ ಸೂಜಿ ತೆಗೆದು, ಬಹಳ ಹೊತ್ತು ಒತ್ತಿ ಹಿಡಿದು, ಅದು ರಕ್ತನಾಳದ ಗಂಟೆಂದು ಬರೆದಿಡಬೇಕು. ಆದರೆ ನೀರು ತೆಗೆದು ಬಾವು ಇಳಿಸಿ ಕಳುಹಿಸುವುದನ್ನೇ ಚಿಕಿತ್ಸೆ ಎಂದು ಮಾಡುತ್ತಾ ಹೋಗಬಾರದು. ಚೀಲದ ಪದರ ಉಳಿದಿರುವವರೆಗೂ ಅದು ಮತ್ತೆ ತುಂಬುತ್ತದೆ. ಪ್ರತಿ ಸಲ ಚುಚ್ಚಿದಾಗಲೂ ಸೋಂಕಿಗೆ ಒಂದು ಬಾಗಿಲು ತೆರೆದಂತಾಗಿ, ಚೀಲ ಸುತ್ತಲಿನ ಅಂಗಾಂಶಕ್ಕೆ ಅಂಟಿಕೊಂಡು, ಮುಂದೆ ಶಸ್ತ್ರಚಿಕಿತ್ಸೆ ಮಾಡುವವರಿಗೆ ಅದನ್ನು ಇಡಿಯಾಗಿ ಬಿಡಿಸುವುದು ಕಷ್ಟವಾಗುತ್ತದೆ.

ಚಿಕಿತ್ಸೆ ಸರಳ. ತುಟಿಯ ಒಳಗಡೆಯಿಂದ, ಹೊರಗೆ ಗಾಯದ ಗುರುತು ಬಾರದಂತೆ, ಚೀಲವನ್ನು ಪೂರ್ತಿ ಬಿಡಿಸಿ ತೆಗೆಯುವುದು ಹಿಂದಿನಿಂದ ಬಂದ ಕ್ರಮ. ಚೀಲ ಮೂಗಿನ ನೆಲದ ಪದರಕ್ಕೆ ಅಂಟಿರುವುದರಿಂದ ಬಿಡಿಸುವಾಗ ಆ ಪದರ ಹರಿಯಬಹುದು, ಆಗ ಹೊಲಿಯಬೇಕಾಗುತ್ತದೆ; ಮೇಲ್ದುಟಿ ಮತ್ತು ಮುಂಭಾಗದ ಹಲ್ಲುಗಳು ಕೆಲವು ವಾರ ಜೋಮು ಹಿಡಿದಂತಿರಬಹುದು. ಇವೆರಡನ್ನೂ ರೋಗಿಗೆ ಮೊದಲೇ ಹೇಳಿರಬೇಕು. 1999ರಲ್ಲಿ ತೈವಾನಿನ ವೈದ್ಯರು ವರದಿ ಮಾಡಿದ ಇನ್ನೊಂದು ಕ್ರಮದಲ್ಲಿ, ಮೂಗಿನ ಒಳಗಿನಿಂದಲೇ ಚೀಲದ ಮೇಲ್ಛಾವಣಿಯನ್ನು ತೆಗೆದು ಅದನ್ನು ಮೂಗಿಗೆ ಶಾಶ್ವತವಾಗಿ ತೆರೆದಿಡಲಾಗುತ್ತದೆ. ಎರಡರಲ್ಲೂ ಮರುಕಳಿಸುವುದು ಅಪರೂಪ. ತೆಗೆದದ್ದು ಎಷ್ಟೇ ಚಿಕ್ಕದಾಗಿರಲಿ, ಅದು ಪೆಥಾಲಜಿ ಪ್ರಯೋಗಾಲಯಕ್ಕೆ ಹೋಗಲೇಬೇಕು. ಆರಂಭದಲ್ಲಿ ಹೇಳಿದ ಆ ತಾಯಿಗೆ ನಾನು ನನ್ನ ತಪ್ಪನ್ನು ಒಪ್ಪಿಕೊಂಡು, ಹಿರಿಯರೊಬ್ಬರೊಂದಿಗೆ ನಿಂತು ತುಟಿಯ ಒಳಗಿನಿಂದ ಚೀಲ ತೆಗೆದೆವು. ಅದು ನೆಲ್ಲಿಕಾಯಿ ಗಾತ್ರದ್ದಿತ್ತು.

ಉಪನ್ಯಾಸದ ನಂತರ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸುತ್ತೇನೆ. ಮಕ್ಕಳಲ್ಲಿ ಇಂತಹ ಬಾವು ಕಂಡರೆ ಏನು ಮಾಡಬೇಕೆಂದು ಒಬ್ಬ ವೈದ್ಯೆ ಕೇಳಿದರು. ಮಗುವಿನ ಮೂಗಿನ ಗಂಟು ಮಧ್ಯರೇಖೆಯಲ್ಲೋ ಅದಕ್ಕೆ ತೀರ ಹತ್ತಿರವೋ ಇದ್ದರೆ ಅಲ್ಲಿ ಸೂಜಿ, ಚಾಕು ಎರಡೂ ನಿಷಿದ್ಧ. ಮೂಗಿನ ದಿಂಡಿನ ಮೇಲೆ ಸಣ್ಣ ರಂಧ್ರವಿದ್ದು ಅದರಿಂದ ಕೂದಲೊಂದು ಹೊರಬಂದಿದ್ದರೆ ಅದು ಡರ್ಮಾಯ್ಡ್ ಸಿಸ್ಟ್; ಅದರ ಬಾಲ ತಲೆಬುರುಡೆಯೊಳಗೆ ಹೋಗಿರಬಹುದು. ಮಗು ಅತ್ತಾಗ ಗಂಟು ದೊಡ್ಡದಾಗಿ, ಮಲಗಿದಾಗ ಚಿಕ್ಕದಾದರೆ, ಅದು ಬುರುಡೆಯ ಬಿರುಕಿನಿಂದ ಕೆಳಗಿಳಿದ ಮೆದುಳಿನ ಪೊರೆ ಅಥವಾ ಮೆದುಳಿನ ಅಂಶವೇ ಇರಬಹುದು. ಅದಕ್ಕೆ ಸೂಜಿ ಚುಚ್ಚಿದರೆ ಮೆದುಳಿನ ನೀರು ಸೋರಿ, ಮೆದುಳಿನ ಪೊರೆಯ ಸೋಂಕಾದ ಮೆನಿಂಜೈಟಿಸ್ ಬರಬಹುದು. ಎಂಆರ್‌ಐ ಆಗುವವರೆಗೂ ಆ ಗಂಟನ್ನು ನೋಡುವುದಷ್ಟೇ ನಮ್ಮ ಕೆಲಸ.

ಎರಡನೆಯ ಪ್ರಶ್ನೆ ಗಡಿ ತಾಲ್ಲೂಕಿನಲ್ಲಿ ಕೆಲಸ ಮಾಡುವ ದಂತವೈದ್ಯರದು: ಹತ್ತಿರದ ಸಿಟಿ ಸ್ಕ್ಯಾನ್ 80 ಕಿಲೋಮೀಟರ್ ದೂರವಿದ್ದರೆ ಏನು ಮಾಡಲಿ? ನೋವಿಲ್ಲದೆ ನಿಧಾನವಾಗಿ ಬೆಳೆದ ಬಾವಿಗೆ ಅವಸರವಿಲ್ಲ. ಹೆರಿಗೆ ತಪಾಸಣೆಗೆ ಬಳಸುವ ಅಲ್ಟ್ರಾಸೌಂಡ್ ಯಂತ್ರ ಇರುವಲ್ಲಿ, ಮೇಲ್ಪದರದ ಅಂಗಗಳನ್ನು ನೋಡುವ ಪ್ರೋಬ್ ಇಟ್ಟರೆ ಒಳಗಿರುವುದು ನೀರೋ ಗಟ್ಟಿ ಗೆಡ್ಡೆಯೋ ಎಂಬುದು ತಿಳಿಯುತ್ತದೆ. ನಿಮ್ಮಲ್ಲೇ ಇರುವ ಸಣ್ಣ ಎಕ್ಸ್‌ರೇಯಲ್ಲಿ ಬೇರಿನ ತುದಿಗಳನ್ನು ನೋಡಿ. ನಂತರ ರೋಗಿಯ ಕೈಗೆ ಕೊಡುವ ಚೀಟಿಯಲ್ಲಿ ಬಾವು ಎಷ್ಟು ತಿಂಗಳಿನದು, ತಂಪಿಗೆ ಯಾವ ಯಾವ ಹಲ್ಲು ಸ್ಪಂದಿಸಿತು, ಎರಡು ಬೆರಳುಗಳ ನಡುವೆ ದ್ರವ ಸರಿಯಿತೇ, ಚರ್ಮ ಬಿಡಿಯಾಗಿದೆಯೇ, ಇನ್ನೊಂದು ಬದಿ ಹೇಗಿದೆ ಎಂಬುದನ್ನು ಬರೆದು ಕಳುಹಿಸಿ. ಇಷ್ಟಿದ್ದರೆ ಆ ರೋಗಿಗೆ ಸ್ಕ್ಯಾನ್ ಬೇಕೇ, ಬೇಕಾದರೆ ಎಷ್ಟು ಬೇಗ ಎಂಬುದನ್ನು ನಾವು ಚೀಟಿ ಓದಿಯೇ ಫೋನಿನಲ್ಲಿ ಹೇಳಬಲ್ಲೆವು.